ಉತ್ತರಿಸದಿರುವುದೂ ಒಂದು ಉತ್ತರ

ಮೌನಂ ಸಮ್ಮತಿ ಲಕ್ಷಣಂ ಎಂಬ ಹಿರಿಯರ ಮಾತು ಸರ್ಕಾರಿ ಕಚೇರಿಗೆ ಹೊಂದದು. ಅಲ್ಲಿನ ಮೌನ ಹಲವು ವೇಳೆ ಕಾಲಹರಣದ ಉಪಾಯ. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣ ಕೊಡಬೇಕು. ಕೊಟ್ಟ ಕಾರಣವನ್ನು ಜನ ಪ್ರಶ್ನಿಸಬಹುದು. ಏನನ್ನೂ ಹೇಳದಿದ್ದರೆ ಪ್ರಶ್ನೆಗೆ ಎಡೆಯೇ ಇಲ್ಲ.

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ ಸೀಮೆಯ ರೈತರಿಗೆ ಇದು ಅನುಭವದ ಮಾತು. ಅಲ್ಲಿನ 17 ಹಳ್ಳಿಗಳ 3,546 ಎಕರೆ ಭೂಮಿಯಲ್ಲಿ ಬಡಾವಣೆ ರಚಿಸಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2008ರ ಡಿಸೆಂಬರ್ 30ರಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಿಂತ ಡಾ. ಶಿವರಾಮ ಕಾರಂತರ ಹೆಸರನ್ನೇ ಬಡಾವಣೆಗೆ ಇಡಲಾಯಿತು. ವರ್ಷಗಳು ಉರುಳಿದರೂ ಅಂತಿಮ ಅಧಿಸೂಚನೆ ಬರಲಿಲ್ಲ. ಭೂಮಿ ಬೇಕೆಂದೂ ಇಲ್ಲ, ಬೇಡವೆಂದೂ ಇಲ್ಲ. 2014ರಲ್ಲಿ ಹೈಕೋರ್ಟು ಯೋಜನೆಯನ್ನು ರದ್ದುಗೊಳಿಸಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, ಸ್ವಾಧೀನವನ್ನು ಮುಂದುವರಿಸಲು ಆದೇಶಿಸಿತು. ನಡುವೆ ಕೆಲವು ಜಮೀನುಗಳನ್ನು ಕೈಬಿಡಲು ನಡೆದ ಯತ್ನವನ್ನು ಖಂಡಿಸಿ, ಹೊಣೆಗಾರರನ್ನು ಗುರುತಿಸಲು ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನೂ ನೇಮಿಸಿತು.

ವಿಳಂಬದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಕಚೇರಿಯ ಒಳಬಾಗಿಲು ಬಲ್ಲವನಿಗೆ ಅದು ಅವಕಾಶ. ಹೊರಗೆ ನಿಂತ ರೈತನಿಗೆ ಮಾರಲೂ ಕಟ್ಟಲೂ ಮರ ನೆಡಲೂ ಧೈರ್ಯ ಬಾರದ ಹತ್ತು ವರ್ಷ.

ಮಲೆನಾಡಿಗೂ ಈ ಮೌನ ಹೊಸದಲ್ಲ. ಪಶ್ಚಿಮಘಟ್ಟ ಕುರಿತ ಗಾಡ್ಗೀಳ್ ಸಮಿತಿಯ ವರದಿ 2011ರ ಆಗಸ್ಟ್‌ನಲ್ಲೇ ಕೇಂದ್ರದ ಕೈಸೇರಿತ್ತು. ಯಾರ ಊರಿನ ಬಗೆಗೆ ಬರೆಯಲಾಗಿತ್ತೋ ಅವರಿಗೇ ಅದನ್ನು ತೋರಿಸಲಿಲ್ಲ. ಮಾಹಿತಿ ಹಕ್ಕಿನಡಿ ಸಲ್ಲಿಸಿದ ಒಂದು ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ತೀರ್ಪು, ಇಷ್ಟೆಲ್ಲ ಆದ ಮೇಲೆ 2012ರ ಮೇ ತಿಂಗಳಲ್ಲಿ ಅದು ಹೊರಬಂದಿತು. ಅಷ್ಟರಲ್ಲಿ ಊಹಾಪೋಹಗಳು ಹಳ್ಳಿ ಹಳ್ಳಿ ತಲುಪಿದ್ದವು.

ಮಾಹಿತಿ ಹಕ್ಕು ಕಾಯಿದೆಯಲ್ಲಿ ಒಂದು ಜಾಣತನವಿದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆ ಎಂದೇ ಭಾವಿಸಿ ಮೇಲ್ಮನವಿ ಸಲ್ಲಿಸಬಹುದು. ಮೌನಕ್ಕೆ ಅಲ್ಲಿ ಅರ್ಥವೂ ಇದೆ, ಗಡುವೂ ಇದೆ. ಭೂಮಿ ಕಸಿಯುವ ಎರಡು ಅಧಿಸೂಚನೆಗಳ ನಡುವೆ ಪ್ರಾಧಿಕಾರದ 1976ರ ಕಾಯಿದೆ ಅಂಥ ಗಡುವನ್ನು ಇಟ್ಟಿಲ್ಲ. ಇದನ್ನು ತಿದ್ದಬೇಕೆಂಬುದು ಬೆಟ್ಟದ ಜನರ ಮತ್ತು ಬಯಲಿನ ಜನರ ಸಮಾನ ಬೇಡಿಕೆಯಾಗಬೇಕು.

ಅಲ್ಲಿಯವರೆಗೆ ಅರ್ಜಿಗೆ ಸ್ವೀಕೃತಿ ಪಡೆಯುವುದು, ತಾರೀಖು ಬರೆದಿಡುವುದು, ದಿನ ಎಣಿಸುವುದು ಪ್ರತಿ ಊರಿನ ಅಭ್ಯಾಸವಾಗಲಿ. ವಿದ್ಯಾರ್ಥಿಗಳು ಈ ಕೆಲಸದಲ್ಲಿ ಹಿರಿಯರ ಕೈ ಹಿಡಿಯಲಿ. ಕಾಯಿಸುವವರು ನೆಚ್ಚುವುದು ಕಾಯುವವರ ಮರೆವನ್ನು.