ನಕ್ಷೆಯಾಗ ಹಸಿರು ಅಂದ್ರ ಗಾಳಿ ಸ್ವಚ್ಛ ಅಂತಲ್ಲ (ಭಾಗ 3)

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆಪ್ ತೆಗೀರಿ. ಅದರಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಹುಡುಕಿ ನೋಡ್ರಿ. ಆಮ್ಯಾಲೆ ಫೋನಿನ ಹವಾಮಾನ ಆಪ್‌ನಾಗ ನಿಪ್ಪಾಣಿ ಅಂತ ಹಾಕ್ರಿ. ಎಕ್ಯೂಐ ನಂಬರ್ ಬಂದೇಬಿಡತೈತಿ! ಎಲ್ಲಿಂದ ಬಂತು?

ಹೆಚ್ಚಿನಪಾಲು ಅದು ಅಳತಿ ಅಲ್ಲ, ಅಂದಾಜು. ದೂರದ ಕೇಂದ್ರಗಳ ಅಂಕಿ, ಉಪಗ್ರಹದ ಮಾಹಿತಿ, ಗಾಳಿಯ ದಿಕ್ಕು ಕೂಡಿಸಿ ಕಂಪ್ಯೂಟರ್ ನಡುವಿನ ಜಾಗಕ್ಕ ಬಣ್ಣ ತುಂಬತೈತಿ. ಇಡೀ ದೇಶ ನೋಡಾಕ ಉಪಯೋಗದ ಕೆಲಸನ. ಆದ್ರ ರವದಿಗೆ ಬೆಂಕಿ ಹಚ್ಚಿದ ಸಂಜಿ, ನಿಪ್ಪಾಣಿಯ ತಂಬಾಕಿನ ಧೂಳು, ಹಂಗಾಮಿನಾಗ ಉಗಾರದ ಕಡೆ ಹೊಂಟ ಕಬ್ಬಿನ ಟ್ರ್ಯಾಕ್ಟರ್ ಸಾಲಿನ ಹೊಗಿ, ಇವೆಲ್ಲ ಆ ಬಣ್ಣದಾಗ ಕರಗಿ ಹೋಗತಾವ.

(ಪಿಎಂ 2.5ಗೆ ನಮ್ಮ ದೇಶದ 24 ತಾಸಿನ ಮಿತಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆದು 15. ಅದು ಬ್ಯಾರೆ ಪೋಸ್ಟ್.)

2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಯಿತು. ನಮ್ಮ ರಾಜ್ಯದಿಂದ ಪಟ್ಟಿಗೆ ಸೇರಿದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅಳತಿ ಮಾಡಿ, ಮಾನದಂಡ ಮೀರಿದ ಊರು ಅಂತ ಆರಿಸಿದ್ದು. ಅಳತೀನ ಇಲ್ಲದ ಊರು ಮಾನದಂಡ ಮೀರೋದ್ ಹೆಂಗ? ಅದಕ್ಕ ರೊಕ್ಕ ಬರೋದ್ ಹೆಂಗ?

ನನ್ನ ಕೇಳಿದ್ರ, ಕೇಂದ್ರ ಇಲ್ಲದ ಜಾಗ ನಕ್ಷೆಯಾಗ ಬಿಳೀನ ಇರಬೇಕು. ಹಸಿರು ಬಳಿದ್ರ ಯಾರೂ ಕೇಳಂಗಿಲ್ಲ. ಬಿಳಿ ಬಿಟ್ರ, "ಇಲ್ಲಿ ಯಾಕಿಲ್ಲ?" ಅಂತ ಯಾರರ ಕೇಳತಾರ. ಮುಂದಿನ ಹಂಗಾಮಿನೊಳಗ ನಿಪ್ಪಾಣ್ಯಾಗ ಒಂದು, ಅಥಣಿ-ಕಾಗವಾಡ ಕಡೆ ಒಂದು ಮಷಿನ್ ಬೇಕು. ನಿಮ್ಮೂರಿನ ನಂಬರ್ ಸ್ಕ್ರೀನ್‌ಶಾಟ್ ಸ್ಟೋರಿಗೆ ಹಾಕ್ರಿ, ಅದನ್ನ ಅಳೆದ ಕೇಂದ್ರ ಯಾವ ಊರಾಗ ಐತಿ ಅಂತನೂ ಹುಡುಕಿ ಬರೀರಿ.