ಕಿತ್ತೂರಿನ ಅಜ್ಜಿ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯ ಮನೆಗಳಲ್ಲಿ ರಾಣಿ ಚೆನ್ನಮ್ಮನ ಹೆಸರು ಬಂದೊಡನೆ ಮಕ್ಕಳ ಕಣ್ಣಿಗೆ ಕಟ್ಟುವದು ಕುದುರೆಯನ್ನೇರಿ ಕತ್ತಿ ಹಿರಿದ ತರುಣಿಯ ಚಿತ್ರ. ಚಿತ್ರವು ಭವ್ಯವಾದುದೇ; ಅದನ್ನು ಅಳಿಸಬೇಕೆಂದು ಯಾರೂ ಹೇಳಲಾರರು. ಆದರೆ 1778ರಲ್ಲಿ ಕಾಕತಿಯ ದೇಸಾಯರ ಮನೆಯಲ್ಲಿ ಹುಟ್ಟಿದಳೆನ್ನಲಾಗುವ ಆಕೆಗೆ ಕದನದ ಕಾಲಕ್ಕೆ ವಯಸ್ಸು 46ರ ಸುಮಾರು. ಆಕೆ ಆಗ ವಿಧವೆ, ಅತ್ತೆ, ಸಾಲದುದಕ್ಕೆ ಅಜ್ಜಿ. ಗೃಹಸ್ಥರಾದ ನಮ್ಮ ವಾಚಕರಿಗೆ ಈ ತಿಂಗಳು ಆ ಅಜ್ಜಿಯ ಪರಿಚಯವನ್ನು ಮಾಡಿಕೊಡುವ ಆಶೆಯಿದೆ.

ಆಕೆಯ ಪತಿ ಮಲ್ಲಸರ್ಜ ದೇಸಾಯಿಯು ಪುಣೆಯ ಪೇಶವೆಯ ಸೆರೆಯಲ್ಲಿ ಬಳಲಿ 1816ರಲ್ಲಿ ತೀರಿಕೊಂಡನು. ಚೆನ್ನಮ್ಮನು ಹೆತ್ತ ಮಗನೂ ಉಳಿಯಲಿಲ್ಲ. ಗಾದಿಗೆ ಬಂದವನು ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜ. ಅವನಿಗೂ ಸಂತಾನವಿಲ್ಲ, ದೇಹಸ್ಥಿತಿಯೂ ನೆಟ್ಟಗಿಲ್ಲ. 1824ರ ಸೆಪ್ಟೆಂಬರದಲ್ಲಿ, ಸಾಯುವದಕ್ಕೆ ಸ್ವಲ್ಪ ಮೊದಲು, ಅವನು ಮಾಸ್ತಮರಡಿಯ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡನು. ಹೀಗೆ ಸವತಿಯ ಮಗನ ದತ್ತಕಪುತ್ರನು ಚೆನ್ನಮ್ಮನಿಗೆ ಮೊಮ್ಮಗನಾದನು. ಸವತಿಯ ಮಕ್ಕಳ ವಿಷಯದಲ್ಲಿ ನಮ್ಮ ಜನದ ಮಾತು ಎಷ್ಟು ಕಟುವಾಗಿರುವದೆಂಬುದನ್ನು ವಾಚಕರು ಬಲ್ಲರು. ಅಂಥದರಲ್ಲಿ ತನ್ನ ಒಡಲಿನ ಎಳೆಯೊಂದೂ ಇಲ್ಲದ ಹುಡುಗನಿಗಾಗಿ ಈಕೆಯು ಒಂದು ಸಾಮ್ರಾಜ್ಯವನ್ನೇ ಎದುರು ಹಾಕಿಕೊಂಡಳು.

ಧಾರವಾಡದ ಕಲೆಕ್ಟರನಾದ ಥ್ಯಾಕರೆ ಸಾಹೇಬನು ಈ ದತ್ತಕವನ್ನು ಒಪ್ಪಲಿಲ್ಲ. ಕುಂಪಣಿಯ ಅಪ್ಪಣೆಯಿಲ್ಲದೆ ನಡೆದುದೆಂದನು, ಪತ್ರದ ಮೇಲಿನ ರುಜುವಿನ ಬಗೆಗೂ ಸಂಶಯಪಟ್ಟನು, ಬೊಕ್ಕಸಕ್ಕೆ ಮುದ್ರೆಯೊತ್ತಿಸಿದನು. ಮಕ್ಕಳಿಲ್ಲದ ಮನೆಯ ದೀಪ ನಂದದಿರಲೆಂದು ದತ್ತಕ ಮಾಡಿಕೊಳ್ಳುವದು ನಮ್ಮಲ್ಲಿ ಬಡವ ಬಲ್ಲಿದರೆಲ್ಲರ ಪದ್ಧತಿ. ಡಾಲ್‌ಹೌಸಿಯು ಇದೇ ನೆವದಿಂದ ಸಾತಾರೆಯನ್ನು ನುಂಗಿದ್ದು 1848ರಲ್ಲಿ, ಝಾನ್ಸಿಯ ಸರದಿ ಅದಕ್ಕೂ ಆಮೇಲೆ. ಕಿತ್ತೂರಿನ ಮನೆಗೆ ಆ ಸಂಕಟವು ಕಾಲು ಶತಮಾನದಷ್ಟು ಮುಂಚೆಯೇ ಬಂದಿತ್ತು.

1824ರ ಅಕ್ಟೋಬರ 23ರಂದು ಕೋಟೆಯ ಮುಂದೆ ಥ್ಯಾಕರೆಯು ಹತನಾದ ಕಥೆಯನ್ನು ಎಲ್ಲರೂ ಬಲ್ಲರು. ನನ್ನ ಮನಸ್ಸು ನಿಲ್ಲುವದು ಅದರ ಮರುದಿನಗಳಲ್ಲಿ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆ ಸಿಕ್ಕಿದ್ದರು. ಸೇಡಿಗೆ ಅವಕಾಶವಿದ್ದಿತು, ಆದರೆ ಅವರ ಪ್ರಾಣಕ್ಕೆ ಅಪಾಯವಾಗಲಿಲ್ಲ, ಡಿಸೆಂಬರದಲ್ಲಿ ಅವರನ್ನು ಬಿಟ್ಟುಕೊಡಲಾಯಿತು. ಆ ಎಲಿಯಟ್ ಸಾಹೇಬನೇ ಮುಂದೆ ಕನ್ನಡನಾಡಿನ ನೂರಾರು ಶಿಲಾಶಾಸನಗಳನ್ನು ಪ್ರತಿಮಾಡಿಸಿ ಕೂಡಿಹಾಕಿದವನು. ಕಿತ್ತೂರಿನಲ್ಲಿ ಉಳಿದ ಒಂದು ಜೀವದಿಂದ ನಮ್ಮ ಇತಿಹಾಸಕ್ಕೆ ಎಷ್ಟು ಲಾಭವಾಯಿತು!

ಡಿಸೆಂಬರದಲ್ಲಿ ದೊಡ್ಡ ದಂಡು ಬಂದು ಕೋಟೆಯು ಬಿದ್ದಿತು. ಚೆನ್ನಮ್ಮನನ್ನೂ ಸೊಸೆ ವೀರಮ್ಮನನ್ನೂ ಬೈಲಹೊಂಗಲದ ಕೋಟೆಯಲ್ಲಿ ಇರಿಸಿದರು. ಹೋರಾಟ ನಡೆದುದು ಒಂದೂವರೆ ತಿಂಗಳು; ಸೆರೆಯಾದರೋ ನಾಲ್ಕು ವರ್ಷಗಳಿಗೂ ಮಿಕ್ಕಿತು. ಲಾವಣಿಕಾರರು ಯುದ್ಧವನ್ನು ಹಾಡುವರು, ಅತ್ತೆ ಸೊಸೆಯರಿಬ್ಬರೂ ವಿಧವೆಯರಾಗಿ ಒಂದೇ ಗೋಡೆಯೊಳಗೆ ಕಳೆದ ಆ ದಿನಗಳನ್ನು ಯಾರು ಹಾಡಬೇಕು? ಮನೆತನದ ಕಷ್ಟವನ್ನು ಬಲ್ಲ ಹೆಂಗಸರು ಅದನ್ನು ಹಾಡಿಲ್ಲದೆಯೂ ಅರಿಯುವರು. 1829ರ ಫೆಬ್ರವರಿಯಲ್ಲಿ ಚೆನ್ನಮ್ಮನು ಅಲ್ಲಿಯೇ ಕಣ್ಣುಮುಚ್ಚಿದಳು. ಸಮಾಧಿಯೂ ಬೈಲಹೊಂಗಲದಲ್ಲಿಯೇ ಇದೆ. ಕಿತ್ತೂರಿನ ಉತ್ಸವಕ್ಕೆ ಹೋಗುವವರು ಇಲ್ಲಿಗೂ ಮಕ್ಕಳನ್ನು ಕರೆತಂದರೆ ಒಳಿತು.

ಅಜ್ಜಿಯು ತೀರಿಕೊಂಡರೂ ಮೊಮ್ಮಗನ ಹಕ್ಕು ತೀರಲಿಲ್ಲ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನು ಮತ್ತೆ ಜನರನ್ನು ಕೂಡಿಸಿ ಬಂಡೆದ್ದುದು ಅದೇ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸುವದಕ್ಕಾಗಿ. ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ದತ್ತಕದ ಮಾತಿನಿಂದ ಮೊದಲಾದ ಜಗಳದಲ್ಲಿ ಸತ್ತ ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ, ಮಕ್ಕಳನ್ನು ಬಯಸುವ ಹೆಂಗಸರು ಇಂದಿಗೂ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ.