ಹಳ್ಳಿ ಚರ್ಚಿನ ಮಾಡು ಮತ್ತು ಬಾಗಿಲು: ಫ್ರಾನ್ಸಿನ ಕೊಂಕ್ ಹೇಳುವುದೇನು?

ಹಳ್ಳಿ ಚರ್ಚುಗಳ ದುರಸ್ತಿಗೆ ಹಣ ಎಲ್ಲಿಂದ ತರುವುದು ಎಂಬ ಚರ್ಚೆ ಫ್ರಾನ್ಸಿನಲ್ಲಿ ಇನ್ನೂ ಮುಗಿದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮ್ಯಾಕ್ರೋನ್, 10 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳ ಧಾರ್ಮಿಕ ಕಟ್ಟಡಗಳಿಗಾಗಿ ರಾಷ್ಟ್ರೀಯ ನಿಧಿ ಸಂಗ್ರಹಕ್ಕೆ ಕರೆ ಕೊಟ್ಟರು. 2024ರಲ್ಲಿ ಆಗಿನ ಸಂಸ್ಕೃತಿ ಸಚಿವೆ ರಶಿದಾ ದಾತಿ, ಪ್ಯಾರಿಸ್ಸಿನ ನೋತ್ರ್ ದಾಮ್ ನೋಡಲು ಬರುವವರಿಂದ 5 ಯೂರೋ ಪಡೆದು ಉಳಿದ ಚರ್ಚುಗಳಿಗೆ ಬಳಸೋಣ ಎಂದರು. ಪ್ಯಾರಿಸ್ ಧರ್ಮಪ್ರಾಂತ್ಯ ಒಪ್ಪಲಿಲ್ಲ. ಒಪ್ಪದಿದ್ದುದು ಸರಿಯೇ.

ನಮ್ಮ ಓದುಗರಿಗೆ ವಿಚಿತ್ರವೆನಿಸಬಹುದು: ಧರ್ಮಸಭೆಯನ್ನೂ ಸರಕಾರವನ್ನೂ ಬೇರ್ಪಡಿಸಿದ 1905ರ ಕಾನೂನಿನ ಬಳಿಕ, ಅದಕ್ಕೂ ಮೊದಲೇ ಕಟ್ಟಿದ್ದ ಹಳ್ಳಿ ಚರ್ಚುಗಳೆಲ್ಲ ಹೆಚ್ಚುಕಡಿಮೆ ಸ್ಥಳೀಯ ಆಡಳಿತದ ಸ್ವತ್ತು. ಪೂಜೆಯ ಹಕ್ಕು ಮಾತ್ರ ಕಥೋಲಿಕರದು. ಮಾಡು ಸೋರಿದರೆ ಚಿಂತೆ ಮೇಯರರಿಗೆ.

ಅವೇರಾನ್ ಜಿಲ್ಲೆಯ ಕೊಂಕ್ ಇಂಥದೊಂದು ಗ್ರಾಮ. 2016ರಲ್ಲಿ ನೆರೆಯ ಮೂರು ಊರುಗಳೊಡನೆ ಒಂದಾದ ಮೇಲೂ ಅಲ್ಲಿನ ಜನಸಂಖ್ಯೆ ಎರಡು ಸಾವಿರ ಮುಟ್ಟಿಲ್ಲ. ಲ ಪ್ಯುಯಿಯಿಂದ ಸಾಂತಿಯಾಗೊಗೆ, ಪ್ರೇಷಿತ ಸಂತ ಯಾಕೋಬರ ಸಮಾಧಿಗೆ, ನಡೆದು ಹೋಗುವವರು ಇಲ್ಲಿ ತಂಗುತ್ತಾರೆ. ಬಾಲ ರಕ್ತಸಾಕ್ಷಿ ಸಂತ ಫ್ವಾಳ ಪವಿತ್ರ ಅವಶೇಷಗಳನ್ನು 9ನೇ ಶತಮಾನದಲ್ಲಿ ಒಬ್ಬ ಸನ್ಯಾಸಿ ಅಜೆನ್ ನಗರದಿಂದ ಕದ್ದು ತಂದರೆಂದು ಪರಂಪರೆಯೇ ಹೇಳುತ್ತದೆ. ಆ ಕಾಲದವರು ಇದನ್ನು ನಯವಾಗಿ ‘ಸ್ಥಳಾಂತರ’ ಎಂದರು! ಚರ್ಚಿನ ಹೆಬ್ಬಾಗಿಲ ಮೇಲೆ ಅಂತಿಮ ತೀರ್ಪಿನ ಕೆತ್ತನೆಯಿದೆ. ಒಳಗೆ ಕಲಾವಿದ ಪಿಯೆರ್ ಸುಲಾಜ್ ರೂಪಿಸಿದ, 1994ರಲ್ಲಿ ಪೂರ್ಣಗೊಂಡ ಗಾಜಿನ ಕಿಟಕಿಗಳು. 1998ರಲ್ಲಿ ಈ ಯಾತ್ರಾಮಾರ್ಗದ ಭಾಗವಾಗಿ ಯುನೆಸ್ಕೋ ಪಟ್ಟಿಗೂ ಸೇರಿತು.

ಇಷ್ಟಕ್ಕೇ ಕೊಂಕ್ ಜೀವಂತವಾಗಿದೆ ಎಂದರೆ ಅರ್ಧ ಸತ್ಯ. 1873ರಲ್ಲಿ ಬಂದ ಪ್ರೆಮೊನ್ಸ್ಟ್ರಾಟೆನ್ಸಿಯನ್ ಸಭೆಯ ಗುರುಗಳು ಅಲ್ಲಿ ಇಂದಿಗೂ ಇದ್ದಾರೆ. ರಾತ್ರಿಯ ಪ್ರಾರ್ಥನೆಯಾದ ಮೇಲೆ ಯಾತ್ರಿಕರನ್ನು ಆಶೀರ್ವದಿಸುತ್ತಾರೆ. ಹೊರಗೆ ಕರೆತಂದು ಆ ಕೆತ್ತನೆಯ ಅರ್ಥ ಬಿಡಿಸಿ ಹೇಳುತ್ತಾರೆ. ಕೇಳಿಸಿಕೊಳ್ಳುವವರಲ್ಲಿ ಚರ್ಚಿಗೆ ಕಾಲಿಡದೆ ವರ್ಷಗಳಾದವರು, ವಿಶ್ವಾಸವೇ ಇಲ್ಲದವರೂ ಇರುತ್ತಾರೆ. ಸಂತಳ ಚಿನ್ನದ ಮೂರ್ತಿಯಿರುವ ಖಜಾನೆಗೆ ಟಿಕೇಟುಂಟು, ಚರ್ಚಿಗಿಲ್ಲ. ದೇವರ ಮನೆಯ ಬಾಗಿಲಲ್ಲಿ ಇವರ ನಂಬಿಕೆಯನ್ನು ಯಾರೂ ಕೇಳುವುದಿಲ್ಲ, ಹಣವನ್ನೂ ಕೇಳಬಾರದು ಎಂಬುದು ನಮ್ಮ ಅಭಿಪ್ರಾಯ.

ಆದರೆ ಫ್ರಾನ್ಸಿನ ಎಲ್ಲ ಹಳ್ಳಿಗಳೂ ಕೊಂಕ್ ಅಲ್ಲ. ಹಲವೆಡೆ ಯಾತ್ರಿಕರೂ ಇಲ್ಲ, ಮಠವೂ ಇಲ್ಲ. ಒಬ್ಬರೇ ಗುರುಗಳು ಹತ್ತಾರು ಚರ್ಚುಗಳ ಹೊಣೆ ಹೊತ್ತು, ಸರದಿಯ ಮೇಲೆ ಬಲಿಪೂಜೆ ಅರ್ಪಿಸುತ್ತಾರೆ. ನಿಧಿಯಿಂದ ಅಲ್ಲಿನ ಮಾಡು ಸರಿಯಾದೀತು. ವಾರದ ಉಳಿದ ದಿನ ಬೀಗದ ಕೈ ಹಿಡಿದು ಬಾಗಿಲು ತೆರೆಯುವ ಶ್ರೀಸಾಮಾನ್ಯರನ್ನು ತಯಾರು ಮಾಡುವ ಕೆಲಸ ಮೇಯರರದಲ್ಲ, ಅಲ್ಲಿನ ಧರ್ಮಾಧ್ಯಕ್ಷರದು.